ಕರಡಿಯ ಕೆನ್ನೆಯ ಕಪ್ಪು ಬೊಟ್ಟು

ನಮ್ಮ ಮನೆಯ ಬೀರುವಿನ ಕನ್ನಡಿಯ ಮೂಲೆಯಲ್ಲಿ ಒಂದು ಕರಡಿ ಇದೆ. ಹೆದರಬೇಡಿ, ಅಂಗೈಯಗಲದ ಬಟ್ಟೆಯ ತುಂಡು ಅದು. ಆರು ತಿಂಗಳ ಮಗುವಿನ ಅಂಗಿಯ ಎದೆಯ ಮೇಲೆ ಕೂರಬೇಕಾಗಿದ್ದ ಕಸೂತಿಯ ಮುಖ. ಮನೆಗೆ ಬಂದ ಹೆಣ್ಣುಮಕ್ಕಳು ತಲೆ ಬಾಚಿಕೊಳ್ಳಲು ಕನ್ನಡಿಯ ಮುಂದೆ ನಿಂತರೆ ಬಾಚಣಿಗೆ ಅರ್ಧದಲ್ಲೇ ನಿಂತುಬಿಡುತ್ತದೆ. "ಅಯ್ಯೋ, ಎಷ್ಟು ಕ್ಯೂಟಾಗಿದೆ!" ಎನ್ನುತ್ತಾರೆ. ಆಮೇಲೆ ಇನ್ನಷ್ಟು ಹತ್ತಿರ ಬಂದು ಅದರ ಎಡಗೆನ್ನೆಯನ್ನು ಉಗುರಿನಿಂದ ಕೆರೆಯುತ್ತಾರೆ. ಅಲ್ಲಿ ಮೆಣಸಿನ ಕಾಳಿನಷ್ಟು ಒಂದು ಕಪ್ಪು ಬೊಟ್ಟಿದೆ. ಕೆರೆದರೆ ಹೋಗುವುದಿಲ್ಲ, ದಾರದಲ್ಲಿ ಹೊಲಿದದ್ದು. ಅದನ್ನು ಇಟ್ಟವಳು ನಾನು. ಆ ಒಂದು ಬೊಟ್ಟಿನ ದೆಸೆಯಿಂದ ನನ್ನ ಮಾನ ತಿರುಪ್ಪೂರಿನಿಂದ ವಿಮಾನ ಹತ್ತದೆಯೇ ಪರದೇಶಕ್ಕೆ ಹೋಗಿ ಬಂದಿದೆ.

ನಾನು ಮಕ್ಕಳ ಬಟ್ಟೆಗೆ ಮುಖ ಬರೆಯುವವಳು. ತುಡಿಯಲೂರಿನ ನಮ್ಮ ಮನೆಯಿಂದ ಕೊಯಮತ್ತೂರಿಗೆ ಒಂದು ಬಸ್ಸು, ಅಲ್ಲಿಂದ ತಿರುಪ್ಪೂರಿಗೆ ಇನ್ನೊಂದು. ಅಲ್ಲಿ ಒಂದು ಸಣ್ಣ ಬನಿಯನ್ ಕಂಪನಿ. ಅದರ ಸ್ಯಾಂಪಲ್ ಕೋಣೆಯ ಕಿಟಕಿಯ ಪಕ್ಕ ನನ್ನ ಮೇಜು. ನಾನು ಕಾಗದದ ಮೇಲೆ ಕರಡಿ, ಮೊಲ, ಬಾತುಕೋಳಿ, ಆನೆಮರಿ ಬರೆದುಕೊಡುತ್ತೇನೆ. ಕಂಪ್ಯೂಟರಿನವರು ಅದನ್ನು ಕಸೂತಿ ಮೆಷಿನ್ನಿಗೆ ಅರ್ಥವಾಗುವ ಹಾಗೆ ಮಾಡುತ್ತಾರೆ. ನಿಜ ಹೇಳಬೇಕೆಂದರೆ ಕರಡಿಯನ್ನು ನಾನು ಕಣ್ಣಾರೆ ಕಂಡವಳೇ ಅಲ್ಲ. ಆನೆಯನ್ನು ಕಂಡಿದ್ದೇನೆ, ಮೆಟ್ಟುಪಾಳ್ಯದ ಕಡೆ ಒಂದು ಬಾಳೆತೋಟದೊಳಗೆ. ನಾನು ಓಡಿದ ಓಟಕ್ಕೆ ಒಂದು ಚಪ್ಪಲಿ ಇವತ್ತಿಗೂ ಅಲ್ಲೇ ಇದೆ. ಮುದ್ದು ಎನ್ನುವಂಥದ್ದು ಅದರಲ್ಲಿ ಆ ಹೊತ್ತಿಗೆ ನನಗೇನೂ ಕಾಣಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬರೆದ ಮೊದಲ ಕರಡಿ ನಮ್ಮ ಬೀದಿಗೆ ಮನೆಕಂದಾಯ ವಸೂಲಿಗೆ ಬರುತ್ತಿದ್ದವರ ಹಾಗಿತ್ತು. ಕಣ್ಣು, ಮೂಗು, ಕಿವಿ ಎಲ್ಲ ಇತ್ತು. ನೋಡಿದರೆ ಹಳೇ ರಸೀದಿ ತೆಗೆದು ತೋರಿಸಬೇಕು ಅನ್ನಿಸುತ್ತಿತ್ತು. ಬಟ್ಟೆ ಕೊಳ್ಳುವ ಪರದೇಶದ ಬಯರ್ ಅದನ್ನು ವಾಪಸು ಕಳಿಸಿದರು. ಜೊತೆಗೆ ಒಂದೇ ಸಾಲಿನ ಸೂಚನೆ: ಕಣ್ಣುಗಳನ್ನು ಎರಡು ಮಿಲಿಮೀಟರ್ ಕೆಳಗಿಳಿಸಿ. ನನಗೆ ಸಿಟ್ಟು ಬಂತು. ಎರಡು ಮಿಲಿಮೀಟರ್ ಅಂದರೆ ಎಷ್ಟು, ಒಂದು ಸಾಸಿವೆ ಕಾಳು. ಸಾಸಿವೆಯಷ್ಟಕ್ಕೆ ಇಷ್ಟು ರಗಳೆಯೇ ಎಂದು ಗೊಣಗುತ್ತಾ ರಬ್ಬರಿನಲ್ಲಿ ಉಜ್ಜಿ ಕಣ್ಣುಗಳನ್ನು ಕೆಳಗಿಳಿಸಿದೆ. ಒಂದರಿಂದ ಇನ್ನೊಂದನ್ನು ಸ್ವಲ್ಪ ದೂರ ಸರಿಸಿದೆ. ಪೆನ್ಸಿಲ್ ಕೆಳಗಿಟ್ಟು ನೋಡಿದರೆ ಕಂದಾಯದವರು ಎದ್ದು ಹೋಗಿದ್ದರು. ಕಾಗದದ ಮೇಲೆ ಒಂದು ಕೂಸು ಕೂತು ನನ್ನನ್ನೇ ನೋಡುತ್ತಿತ್ತು. ಇಪ್ಪತ್ತೈದು ವರ್ಷವಾಯಿತು, ಇವತ್ತಿಗೂ ಆ ಎರಡು ಮಿಲಿಮೀಟರಿನ ಹತ್ತಿರ ಬಂದಾಗ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ.

ಹಣೆ ದೊಡ್ಡದು, ಕಣ್ಣು ತಗ್ಗಿನಲ್ಲಿ, ಮೂಗು ಇದೆಯೋ ಇಲ್ಲವೋ ಎನ್ನುವಷ್ಟು, ಬಾಯಿ ಮೂಗಿಗೆ ಅಂಟಿಕೊಂಡು. ಹಸುಗೂಸು ಹೀಗೆಯೇ ಇರುತ್ತದೆ, ಕರುವೂ ಹೀಗೆ, ನಾಯಿಮರಿಯೂ ಹೀಗೆ. ನಡೆಯಲು ಬಾರದು, ಹಸಿವೆಂದು ಹೇಳಲು ಬಾರದು, ಹೊಡೆಯಲು ಬಂದರೆ ಓಡಲು ಬಾರದು. ಏನೂ ಬಾರದ ಜೀವಕ್ಕೆ ಈ ಮುಖವೊಂದನ್ನು ಕೊಟ್ಟು ಕಳಿಸಿದ್ದಾರೆ, ಅಷ್ಟರಿಂದಲೇ ಅದು ಮನೆಮಂದಿಯನ್ನೆಲ್ಲ ಜೀತಕ್ಕೆ ಇಟ್ಟುಕೊಳ್ಳುತ್ತದೆ. ನಮ್ಮ ಕಂಪನಿಯ ಕಟಿಂಗ್ ಮಾಸ್ಟರ್ ಆರುಮುಗಣ್ಣ ನಗುವುದಕ್ಕೂ ಓವರ್‌ಟೈಮ್ ಕೇಳುವ ಮನುಷ್ಯ. ಮುಖ ಸರಿಯಾಗಿ ಬಂತೋ ಇಲ್ಲವೋ ಎಂದು ಅನುಮಾನ ಬಂದಾಗಲೆಲ್ಲ ನಾನು ಕಾಗದವನ್ನು ಅವರ ಮೂಗಿನ ಮುಂದೆ ಹಿಡಿಯುತ್ತೇನೆ. ತುಟಿಯ ಒಂದು ಕೊನೆ ಸಡಿಲವಾಗಿ, ಅವರಿಗೇ ಗೊತ್ತಿಲ್ಲದೆ ಮುದ್ದು ಉಕ್ಕಿ "ಅಚ್ಚೋ" ಎಂದು ಬಾಯಿಂದ ಹೊರಟರೆ ಮುಖ ಪಾಸು. ಮರುಗಳಿಗೆಯಲ್ಲೇ "ಬೇರೆ ಕೆಲಸ ಇಲ್ಲವಾಮ್ಮಾ?" ಎಂದು ಬೈಯುತ್ತಾರೆ, ಅದು ಬೇರೆ ಮಾತು.

ನಮ್ಮ ಕಡೆ ಕಟ್ಟುತ್ತಿರುವ ಮನೆಗಳ ಮುಂದೆ ದೃಷ್ಟಿಗೆಂದು ರಾಕ್ಷಸನ ಮುಖ ನೇತುಹಾಕುವುದನ್ನು ನೀವು ನೋಡಿರುತ್ತೀರಿ. ಬೂದುಗುಂಬಳದ ಮೇಲೆ ಬರೆದದ್ದೂ ಉಂಟು. ತುಡಿಯಲೂರಿನಲ್ಲಿ ಈಗ ತಿರುಗಿದ ಕಡೆಯೆಲ್ಲ ಹೊಸ ಮನೆ, ಹೀಗಾಗಿ ತಿರುಗಿದ ಕಡೆಯೆಲ್ಲ ರಾಕ್ಷಸ. ಒಂದು ದಿನ ಬಸ್ಸಿಗೆ ಕಾಯುತ್ತಾ ಒಬ್ಬ ರಾಕ್ಷಸನನ್ನು ದಿಟ್ಟಿಸಿ ನೋಡಿದೆ. ಅವನಿಗೂ ದೊಡ್ಡ ಕಣ್ಣು. ಅವನಿಗೂ ಗುಂಡು ಕೆನ್ನೆ. ನನ್ನ ಕರಡಿಗೆ ಇರುವುದೆಲ್ಲ ಅವನಿಗೂ ಇತ್ತು. ಕಣ್ಣು ಮಾತ್ರ ಹುಬ್ಬಿನ ಬುಡಕ್ಕೆ ಏರಿತ್ತು. ಅವನ ಕಣ್ಣನ್ನು ಇಳಿಸಿ ಹಲ್ಲನ್ನು ಅಳಿಸಿದರೆ ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳಬಹುದಿತ್ತು. ದೇವರ ವಿಷಯದಲ್ಲೂ ನಾವು ಇದನ್ನೇ ಮಾಡಿದ್ದೇವೆ ಅನ್ನಿಸುತ್ತದೆ. ಚಕ್ರ ಹಿಡಿದವನ ಕೈಗೆ ಬೆಣ್ಣೆ ಕೊಟ್ಟು ಅಂಬೆಗಾಲಿಕ್ಕಿಸಿದೆವು. ಆನೆಯ ತಲೆಗೆ ಡೊಳ್ಳು ಹೊಟ್ಟೆ ಸೇರಿಸಿ ಕಡುಬು ಕೊಟ್ಟೆವು. ಭಯಪಟ್ಟು ಕೈಮುಗಿಯುವುದು ಸಾಕಾಗಿ, ಯಾವುದೋ ಕಾಲದಲ್ಲಿ ಯಾವಳೋ ಒಬ್ಬಳು ತಾಯಿ ದೇವರನ್ನೇ ಎತ್ತಿಕೊಳ್ಳಬೇಕೆಂದು ಆಸೆಪಟ್ಟಿರಬೇಕು.

ಮಾತು ಎಲ್ಲಿಗೋ ಹೋಯಿತು. ಹೋದದ್ದು ಹೋಯಿತು, ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ನಾನು ಓದಿದ್ದು ತಮಿಳು ಶಾಲೆ. ಮನೆಯಲ್ಲಿ ಆಡುವ ಕನ್ನಡಕ್ಕೆ ಅಕ್ಷರವೂ ಇದೆ ಎನ್ನುವುದು ನನಗೆ ಚಿಕ್ಕಂದಿನಲ್ಲಿ ಗೊತ್ತೇ ಇರಲಿಲ್ಲ. ನಲವತ್ತು ದಾಟಿದ ಮೇಲೆ ತಮ್ಮ ಮೈಸೂರಿನಿಂದ ಒಂದು ಕಾಗುಣಿತದ ಪುಸ್ತಕ ತಂದುಕೊಟ್ಟ. ತೆರೆದು ನೋಡಿದರೆ ಪುಟದ ತುಂಬ ಕೂಸುಗಳು! ಎಲ್ಲ ಗುಂಡಗುಂಡಗೆ, ತಲೆಯ ಮೇಲೆ ಒಂದೊಂದು ಜುಟ್ಟು. ಠ ಅಂತೂ ನಡುವೆ ಕಣ್ಣುಗುಡ್ಡೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಎತ್ತಿಕೊಂಡು ಆಡಿಸುತ್ತಾ ಆಡಿಸುತ್ತಾ ಕಲಿತೆ. ಅದಕ್ಕೇ ಈಗ ನಿಮ್ಮ ತಲೆ ತಿನ್ನುತ್ತಿದ್ದೇನೆ.

ಇಷ್ಟೆಲ್ಲ ಮುದ್ದಿನ ಮಾತಾಡುವ ನಾನು ಬೆಳೆದ ಮನೆಯಲ್ಲಿ ಮಗುವನ್ನು ಮುದ್ದು ಎನ್ನುವಂತಿರಲಿಲ್ಲ. ನಮ್ಮದು ಮೆಟ್ಟುಪಾಳ್ಯದ ಹತ್ತಿರದ ನೇಕಾರರ ಬೀದಿ. ಅಪ್ಪ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರೆ ಅವ್ವ ಪಕ್ಕದಲ್ಲಿ ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮೇಲಿನ ತೊಲೆಗೆ ಹಳೇ ಸೀರೆಯ ಜೋಲಿ. ಜೋಲಿಯೊಳಗೆ ಯಾವಾಗಲೂ ಒಂದು ಮಗು, ನಮ್ಮದೋ ಪಕ್ಕದ ಮನೆಯದೋ. ಬಂದವರು ಬಗ್ಗಿ ನೋಡಿ "ಥೂ, ಕೋತಿ ಮುಸುಡಿ" ಎನ್ನಬೇಕು. ಅಪ್ಪಿತಪ್ಪಿ "ಚೆಂದ" ಎಂದರೋ, ಅವ್ವ ರಾಟೆ ನಿಲ್ಲಿಸುತ್ತಿದ್ದಳು. ರಾಟೆಯ ಸದ್ದು ನಿಂತರೆ ಅಪ್ಪ ಮಗ್ಗ ನಿಲ್ಲಿಸುತ್ತಿದ್ದ. ಬಂದವರು ಮೂರು ಸಲ ಉಗಿದು, ನೆಟಿಕೆ ಮುರಿದು, ಕೋತಿ ಎಂದು ತಿದ್ದಿ ಹೇಳುವವರೆಗೆ ಮನೆಯಲ್ಲಿ ಕೆಲಸ ನಡೆಯುತ್ತಿರಲಿಲ್ಲ.

ಮಗುವಿಗೆ ಕಪ್ಪು ಬೊಟ್ಟು ಇಡುವುದು ಅವ್ವನದೇ ಕೆಲಸ. ಸಬ್ಬಕ್ಕಿಯನ್ನು ಕರಕಲಾಗುವಷ್ಟು ಹುರಿದು, ನೀರು ಹಾಕಿ ಕಲಸಿ, ತೆಂಗಿನ ಚಿಪ್ಪಿನಲ್ಲಿ ಒಣಗಿಸಿ ಇಟ್ಟಿರುತ್ತಿದ್ದಳು. ಬೆರಳನ್ನು ಒದ್ದೆ ಮಾಡಿ ಚಿಪ್ಪಿನಲ್ಲಿ ತಿಕ್ಕಿ ಎಡಗೆನ್ನೆಗೆ ಒತ್ತಿದರೆ ಆಯಿತು. ಚೆನ್ನಾಗಿರುವುದನ್ನು ಬೇಕೆಂದೇ ಒಂದಿಷ್ಟು ಕೆಡಿಸಿ ಇಡುವುದು. ಮುದ್ದಾದ ಕೆನ್ನೆ ಕಂಡರೆ ಹಿಂಡಬೇಕು, ಕಚ್ಚಿ ತಿಂದುಬಿಡಬೇಕು ಅನ್ನಿಸುತ್ತದಲ್ಲ, ನಿಮಗೂ ಅನ್ನಿಸಿರುತ್ತದೆ. ಪ್ರೀತಿ ಉಕ್ಕುವಾಗ ಅದರ ಜೊತೆಗೇ ಅಷ್ಟು ಒರಟುತನ ಏಕೆ ಉಕ್ಕುತ್ತದೋ ನನಗೆ ತಿಳಿಯದು. ಹಳಬರಿಗೆ ಅದರ ಸುಳಿವು ಇತ್ತೆಂದು ಕಾಣುತ್ತದೆ. ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ ಒಂದು ಬೈಗುಳ, ಒಂದು ಬೊಟ್ಟು.

ನನ್ನ ವಿಷಯದಲ್ಲಿ ಅವ್ವ ಇನ್ನೂ ಬಿಗಿ. ನನಗಿಂತ ಮೊದಲು ಹುಟ್ಟಿದ ಎರಡು ಮಕ್ಕಳು ಉಳಿದಿರಲಿಲ್ಲ. ಅದಕ್ಕೇ ಹುಟ್ಟಿದೊಡನೆ ನನ್ನನ್ನು ಮೊರದಲ್ಲಿ ಮಲಗಿಸಿ ಕಸದ ಗುಂಡಿಯ ಮೇಲೆ ಇಟ್ಟು, ಬೇಡದ ಮಗು ಎಂದು ವಿಧಿಗೆ ತೋರಿಸಿ, ಸೋದರತ್ತೆ ಒಂದು ಸೇರು ತವುಡು ಕೊಟ್ಟು ಕೊಂಡುಕೊಂಡ ಹಾಗೆ ಮಾಡಿದರಂತೆ. ಕುಪ್ಪಿ ಎಂದು ಕರೆದರು, ಅಂದರೆ ಕಸ. ಶಾಲೆಯ ಹೆಸರು ಬೇರೆ ಇತ್ತು, ಮನೆಯಲ್ಲಿ ಮಾತ್ರ ಇವತ್ತಿಗೂ ಕುಪ್ಪಿಯೇ. ವಿಧಿ ಮೋಸಹೋಯಿತು, ನಾನು ಉಳಿದೆ. ಆದರೆ ಆ ನಾಟಕದಲ್ಲಿ ಮೋಸಹೋದವಳು ಇನ್ನೊಬ್ಬಳಿದ್ದಾಳೆ, ಅವಳೇ ನಾನು. ಅವರಂದದ್ದನ್ನೆಲ್ಲ ನಿಜವೆಂದೇ ನಂಬಿದೆ.

ಎಷ್ಟು ಸಲ ಕೇಳಿದ್ದೇನೋ. "ಅವ್ವಾ, ಚಿಕ್ಕೋಳಿದ್ದಾಗ ನಾನು ಹೆಂಗಿದ್ದೆ?"

"ಹೆಂಗಿರ್ತೀಯ? ಕೋತಿ ಮರಿ ಹಂಗಿದ್ದೆ. ಕರ್ರಗೆ, ಒಣಕಲು. ಕೊಟ್ಟ ತವುಡೇ ದಂಡ."

ಮದುವೆಯ ದಿನ ಹಸೆಗೆ ಕೂರುವ ಮೊದಲು ಅವ್ವನ ಮುಂದೆ ಹೋಗಿ ನಿಂತೆ. ಮೇಲಿಂದ ಕೆಳಗೆ ನೋಡಿ "ಸೀರೆ ಚೆನ್ನಾಗೈತೆ" ಅಂದಳು. ಸೀರೆ ಅಪ್ಪ ನೇಯ್ದದ್ದು.

ಹೋಗಲಿ, ಒಂದು ಫೋಟೊ ಆದರೂ ಇದೆಯೇ ಎಂದರೆ ಅದೂ ಇಲ್ಲ. ನನಗೆ ಒಂದು ವರ್ಷ ತುಂಬಿದಾಗ ಅತ್ತೆ ಹಟ ಮಾಡಿ ನಮ್ಮನ್ನು ಮೆಟ್ಟುಪಾಳ್ಯದ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದಳು. ಸ್ಟುಡಿಯೋದವನಿಗೆ ಕೆನ್ನೆಯ ಮೇಲೆ ಕಪ್ಪು ಕಂಡು ಸಹಿಸಲಾಗಲಿಲ್ಲ. ಅವ್ವ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ತನ್ನ ಕರವಸ್ತ್ರದಿಂದ ಬೊಟ್ಟು ಒರೆಸಿ ಟಕ್ಕೆಂದು ಫೋಟೊ ಹೊಡೆದುಬಿಟ್ಟ. ಅವ್ವ ಅಲ್ಲೇ ರಂಪ ಮಾಡಿದಳಂತೆ. ಅದೇ ವಾರ ನನಗೆ ಜ್ವರ ಬಂದು ಎರಡು ದಿನ ಕಣ್ಣು ಬಿಡಲಿಲ್ಲವಂತೆ. ಆ ಫೋಟೊವನ್ನು ತರಲು ಯಾರೂ ಹೋಗಲಿಲ್ಲ ಎನ್ನುವುದು ನಾನು ಕೇಳುತ್ತಾ ಬೆಳೆದ ಕತೆ. ಹೀಗಾಗಿ ಸಾವಿರಾರು ಕೂಸಿನ ಮುಖ ಬರೆದ ನನಗೆ ಕೂಸಾಗಿದ್ದಾಗ ನನ್ನ ಮುಖ ಹೇಗಿತ್ತೆಂದು ಗೊತ್ತಿರಲಿಲ್ಲ. ಐವತ್ತಾರು ವರ್ಷದ ಹೆಂಗಸಿಗೆ ಇದೆಂಥ ಹಂಬಲ ಎಂದು ನೀವು ನಗಬಹುದು, ನಗಿ. ಹೆತ್ತವಳ ಕಣ್ಣಿಗೆ ನಾನು ಒಂದು ದಿನವಾದರೂ ಚೆನ್ನಾಗಿ ಕಂಡಿದ್ದೆನೋ ಇಲ್ಲವೋ ಎಂದು ತಿಳಿದುಕೊಳ್ಳುವ ಆಸೆಗೆ ನರೆ ಬರುವುದಿಲ್ಲ.

ಅವ್ವ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಎಂಬತ್ತಾಯಿತು, ಕಣ್ಣು ಕಿವಿ ಎಲ್ಲ ನನಗಿಂತ ಚುರುಕು. ಹೋದ ವರ್ಷ ತಮ್ಮನ ಮೊಮ್ಮಗುವನ್ನು ಫೋನಿನಲ್ಲಿ ತೋರಿಸಿದೆವು. ಮಗು ಬೊಚ್ಚುಬಾಯಿ ಬಿಟ್ಟು ನಕ್ಕಿತು. ಅವ್ವ "ಥೂ ಕೋತಿ" ಎಂದು ಎದ್ದು ಹೋದಳು. ಕೋಪ ಬಂತೇನೋ ಎಂದುಕೊಂಡರೆ ಬೆರಳಿಗೆ ಕಪ್ಪು ಹಚ್ಚಿಕೊಂಡು ಬಂದು ಫೋನಿನ ಗಾಜಿನ ಮೇಲೆ, ಮಗುವಿನ ಕೆನ್ನೆ ಇದ್ದ ಕಡೆ, ಒತ್ತಿದಳು. ಮಗು ಅಲುಗಾಡಿತು, ಬೊಟ್ಟು ಹೋಗಿ ತಮ್ಮನ ಸೊಸೆಯ ಮೂಗಿನ ಮೇಲೆ ಕೂತಿತು. ಅವ್ವ ಮತ್ತೆ ಒತ್ತಿದಳು, ಕರೆ ಕಟ್ಟಾಯಿತು. ಫೋನನ್ನು ಒರೆಸಲು ನನಗೆ ಅರ್ಧ ದಿನ ಹಿಡಿಯಿತು.

ಇಂಥವಳ ಮಗಳು ನಾನು. ಇನ್ನು ಆ ಕರಡಿಯ ಕತೆ ಕೇಳಿ. ಒಂದು ಹೊಸ ಆರ್ಡರಿಗೆ ಮುಖ ಬರೆಯುತ್ತಿದ್ದೆ. ನಾಲ್ಕು ದಿನ ಬರಲೊಲ್ಲೆ ಎಂದು ಸತಾಯಿಸಿ ಐದನೆಯ ದಿನ ಊಟ ಮುಗಿಸಿ ಬಂದು ಕೂತಾಗ ತಾನೇ ಬಂದಿತು. ಎಂಥ ಮುಖ ಅಂತೀರಿ! ಬರೆದವಳಿಗೇ ಎತ್ತಿಕೊಳ್ಳಬೇಕು ಅನ್ನಿಸಿತು. ಆರುಮುಗಣ್ಣ ಒಂದಲ್ಲ, ಎರಡು ಸಲ ಅಚ್ಚೋ ಅಂದರು. ಕಾಗದ ಕಂಪ್ಯೂಟರಿಗೆ ಹೋಯಿತು, ಮೆಷಿನ್ನಿಗೆ ಹೋಯಿತು, ಹನ್ನೆರಡು ಸ್ಯಾಂಪಲ್ ಅಂಗಿಗಳ ಮೇಲೆ ಹೊಲಿದಾಯಿತು, ಚೆಕಿಂಗ್ ಆಯಿತು, ಇಸ್ತ್ರಿಯಾಯಿತು, ಪೊಟ್ಟಣ ಕಟ್ಟಿ ಕಳಿಸಿಯೂ ಆಯಿತು.

ಹತ್ತು ದಿನದ ಮೇಲೆ ಬಯರ್ ಜೊತೆ ಪತ್ರವ್ಯವಹಾರ ನೋಡಿಕೊಳ್ಳುವ ಕವಿತಾ ಲ್ಯಾಪ್‌ಟಾಪ್ ಎತ್ತಿಕೊಂಡೇ ಓಡಿಬಂದಳು. "ಅಕ್ಕಾ, ಏನಕ್ಕಾ ಇದು?" ಹನ್ನೆರಡೂ ಅಂಗಿಗಳಲ್ಲಿ ಕರಡಿಯ ಮುಖದ ಮೇಲೆ, ಒಂದೇ ಜಾಗದಲ್ಲಿ, ಕಪ್ಪು ಕಲೆ ಇದೆಯಂತೆ. ಮೆಷಿನ್ನಿನ ಎಣ್ಣೆಯೋ, ಬೂಷ್ಟೋ ಎಂದು ಬಯರ್ ಕೇಳಿದ್ದರು.

ಎಲ್ಲರೂ ಸುತ್ತ ನೆರೆದೆವು. ಕಂಪ್ಯೂಟರಿನವನು ಕಲೆ ಎಲ್ಲಿದೆ ಎಂದು ಹುಡುಕಿದ. ಚೆಕಿಂಗಿನ ಹೆಂಗಸರು ಹುಡುಕಿದರು. ಆರುಮುಗಣ್ಣ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಕಲೆ ಎಲ್ಲಿದೆಯಮ್ಮಾ? ಅದು ದೃಷ್ಟಿ ಬೊಟ್ಟಲ್ಲವಾ?" ಎಂದು ತಮಿಳಿನಲ್ಲಿ ಅಂದರು.

ಆಗ ನನಗೆ ಹೊಳೆಯಿತು. ಬೊಟ್ಟು ಇಟ್ಟದ್ದು ನನಗೆ ನೆನಪೇ ಇರಲಿಲ್ಲ. ನೆನಪಿಲ್ಲದೆ ನನ್ನ ಕೈ ಇಟ್ಟಿತ್ತು. ಅದಕ್ಕಿಂತ ಸೋಜಿಗ ಎಂದರೆ, ಅಷ್ಟು ಜನರ ಕಣ್ಣು ಕೈ ದಾಟಿ ಹೋದ ಬೊಟ್ಟು ಒಬ್ಬರಿಗೂ ತಪ್ಪೆಂದು ಕಂಡಿರಲಿಲ್ಲ. ಕೂಸಿನ ಮುಖ ಇದ್ದ ಮೇಲೆ ಬೊಟ್ಟು ಇರಬೇಕಾದದ್ದೇ. ಎಲ್ಲರೂ ಅವರವರ ಅವ್ವಂದಿರ ಕೈಯಲ್ಲಿ ಬೊಟ್ಟು ಇಡಿಸಿಕೊಂಡು ಬೆಳೆದವರು. ಮಾಲೀಕರು ಮೊದಲು ಕೂಗಾಡಿದರು, ಆಮೇಲೆ ಅವರಿಗೂ ನಗು ಬಂತು. ಕರಡಿ ಅತಿ ಮುದ್ದಾಗಿದೆ, ಅದಕ್ಕೆ ಯಾರ ಕಣ್ಣೂ ತಾಗದಿರಲಿ ಎಂದು ಇಟ್ಟದ್ದು ಎನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಲು ಕವಿತಾ ಒಂದು ಮಧ್ಯಾಹ್ನವನ್ನೇ ಕಳೆದಳು. ಉತ್ತರ ಬಂತು: ಕಾರಣ ಬಹಳ ಇಷ್ಟವಾಯಿತು, ಬೊಟ್ಟು ಬೇಡ. ತೆಗೆದೆವು. ಮೊದಲು ಪರೀಕ್ಷೆಗೆಂದು ತುಂಡುಬಟ್ಟೆಯ ಮೇಲೆ ಹೊಲಿದು ಉಳಿದಿದ್ದ ಒಂದು ಬೊಟ್ಟಿನ ಕರಡಿಯನ್ನು ನಾನು ಮನೆಗೆ ತಂದೆ.

ಭಾನುವಾರ ಬೆಳಗ್ಗೆ ಅವ್ವ ಬಾಗಿಲ ಬಿಸಿಲಿನಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಗಿಸೋಣ ಎಂದು ಕಂಪನಿಯ ಕತೆಯನ್ನೆಲ್ಲ ಹೇಳಿ ಬಟ್ಟೆಯನ್ನು ಅವಳ ಕೈಗೆ ಕೊಟ್ಟೆ. ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. ತುಟಿಯ ಕೊನೆ ಸಡಿಲವಾಯಿತು. "ಥೂ, ಕೋತಿ" ಅಂದಳು ಕರಡಿಗೆ. ಆಮೇಲೆ ಹೆಬ್ಬೆರಳಿನಿಂದ ಬೊಟ್ಟನ್ನು ಸವರಿದಳು.

"ಇದ ನೀನೇ ಇಕ್ಕಿದ್ದಾ?"

"ಹೂಂ."

"ಯಾಕೆ?"

"ಗೊತ್ತಿಲ್ಲವ್ವ. ನೋಡ್ತಾ ನೋಡ್ತಾ ಮುದ್ದು ಬಂದುಬುಡ್ತು. ಕೈ ತಾನೇ ಇಕ್ಕಿಬುಡ್ತು."

ಅವ್ವ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಅವಳ ತಗಡಿನ ಪೆಟ್ಟಿಗೆಯ ಬಾಯಿ ಕಿರುಗುಟ್ಟಿದ್ದು ಕೇಳಿಸಿತು. ಹಳೇ ಸೀರೆಯ ಸೆರಗಿನ ಚೂರಿನಲ್ಲಿ ಸುತ್ತಿದ್ದ ಏನನ್ನೋ ತಂದು ನನ್ನ ಮಡಿಲಲ್ಲಿ ಇಟ್ಟು, ಕಪ್ಪಿನ ತೆಂಗಿನ ಚಿಪ್ಪನ್ನು ಪಕ್ಕದಲ್ಲಿ ಇಟ್ಟುಕೊಂಡು ಕೂತಳು.

ಬಿಚ್ಚಿದರೆ ಫೋಟೊ. ಕಪ್ಪು ಬಿಳುಪು, ಅಂಚೆಲ್ಲ ಹಳದಿ. ಹಿಂದೆ ಬಣ್ಣ ಬಳಿದ ಪರದೆ, ಮುಂದೆ ಸ್ಟೂಲಿನ ಮೇಲೆ ಜರಿ ಅಂಚಿನ ಲಂಗ ತೊಟ್ಟ ಒಂದು ಮಗು. ಯಾರೂ ತರಲಿಲ್ಲ ಎಂದುಕೊಂಡಿದ್ದ ಫೋಟೊ. ಮಗುವಿನ ಎಡಗೆನ್ನೆ ಪೂರ್ತಿ ಕಪ್ಪಾಗಿತ್ತು. ಹುಳು ತಿಂದಿದೆಯೋ ಎಂದು ಬೆರಳಿಟ್ಟು ನೋಡಿದೆ. ಹಳ್ಳವಿರಲಿಲ್ಲ, ದಿಬ್ಬ ಇತ್ತು. ಹುಣಿಸೆ ಬೀಜದಷ್ಟು ದಪ್ಪಗೆ, ಪದರದ ಮೇಲೆ ಪದರ, ಒಣಗಿ ಬಿರಿದು, ಬಿರುಕಿನ ಮೇಲೆ ಮತ್ತೆ ಹೊಸ ಕಪ್ಪು.

"ಏನವ್ವ ಇದು, ಇಷ್ಟು ದಪ್ಪ?"

"ನೋಡ್ದಾಗೆಲ್ಲ ಇಕ್ಕಬೇಕಲ್ಲ."

"ಪೆಟ್ಟಿಗೇಲಿ ಮುಚ್ಚಿಟ್ಟಿದ್ದೀಯ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ."

ಸೊಪ್ಪಿನ ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡು ತಾನೇ ಹೇಳಿದಳು. "ಊರೋರ ಕಣ್ಣು ಏನ್ ಮಾಡ್ತದೆ? ಹೆತ್ತೋಳ ಕಣ್ಣೇ ಬಿರುಸು. ಮೊದಲ್ನೇ ಕೂಸ ಬೇರೆ ಯಾರೂ ಹಂಗೆ ನೋಡ್ಲಿಲ್ಲ. ನಾನೇ. ರಾಟೆ ಬುಟ್ಟು, ಜೋಲಿ ಪಕ್ಕ ಕೂತ್ಕೊಂಡು, ಚೆಂದ ಚೆಂದ ಅಂತ ಹಗಲೆಲ್ಲ ನೋಡ್ಕೊಂಡೇ ಇದ್ದೆ."

ಐವತ್ತೈದು ವರ್ಷ ಈ ಹೆಂಗಸು ನನ್ನನ್ನು ಕೋತಿ ಎಂದು ಬೈದು, ಆಮೇಲೆ ಯಾರೂ ಇಲ್ಲದಾಗ ಪೆಟ್ಟಿಗೆ ತೆರೆದು ನೋಡಿ, ನೋಡಿದ ತಪ್ಪಿಗೆ ಒಂದು ಬೊಟ್ಟು ಒತ್ತಿದ್ದಳು. ಒಂದು ನೋಟಕ್ಕೆ ಒಂದು ಪದರ. ಆ ದಿಬ್ಬದ ಮೇಲೆ ಬೆರಳಿಟ್ಟುಕೊಂಡು ಕೂತೆ. ಅಂಥದ್ದನ್ನು ಮುಟ್ಟಿದ ನೆನಪು ನನಗೆ ಬೇರೆ ಯಾವುದೂ ಇಲ್ಲ.

ಆಮೇಲೆ, ಮೊದಲ ಸಲ, ಉಳಿದ ಮುಖವನ್ನು ನೋಡಿದೆ. ಹಣೆ ದೊಡ್ಡದು. ಕಣ್ಣು ತಗ್ಗಿನಲ್ಲಿ, ಒಂದಕ್ಕೊಂದು ದೂರ. ಬಲಗೆನ್ನೆ ಗುಂಡಗೆ. ಸ್ಟುಡಿಯೋದವನು ಕೆನ್ನೆ ಉಜ್ಜಿದ ಕೋಪಕ್ಕೆ ಕೆಳತುಟಿ ಮುಂದೆ ಬಂದು ಇನ್ನೇನು ಅಳಬೇಕು. ಅಷ್ಟು ವರ್ಷ ಕೆಲಸ ಮಾಡಿದವಳ ಕಣ್ಣು ತಾನಾಗಿ ಅಳೆಯಿತು. ಎಲ್ಲೂ ಎರಡು ಮಿಲಿಮೀಟರ್ ಸರಿಸುವ ಹಾಗಿರಲಿಲ್ಲ. ಅದು ನಾನು ಎನ್ನುವುದು ಒಂದು ಗಳಿಗೆ ಮರೆತುಹೋಗಿ ನನ್ನ ಬಾಯಿಂದ "ಅಚ್ಚೋ" ಎಂದು ಹೊರಟಿತು.

ಅವ್ವ ಅದನ್ನೇ ಕಾಯುತ್ತಿದ್ದವಳ ಹಾಗೆ ತೆಂಗಿನ ಚಿಪ್ಪನ್ನು ನನ್ನ ಕಡೆ ತಳ್ಳಿದಳು.

"ಸಾಕು, ನೋಡ್ದಲ್ಲ. ಇಕ್ಕು."

ಬೆರಳನ್ನು ಒದ್ದೆ ಮಾಡಿ, ಚಿಪ್ಪಿನಲ್ಲಿ ತಿಕ್ಕಿ, ಆ ದಿಬ್ಬದ ನೆತ್ತಿಗೆ ನನ್ನದೂ ಒಂದು ಬೊಟ್ಟು ಇಟ್ಟೆ.